ಮೀನಿನ ತೊಟ್ಟಿಯಲ್ಲಿ ಉತ್ತರದ ಕಾಡು: ಹಾವಸೆ ಪದರದವರೆಗೆ ಬಂತು

ಹಳೇ ಮೀನಿನ ತೊಟ್ಟಿಯೊಳಗೆ ಕಟ್ಟುತ್ತಿರುವ ಕಾಡಿನ ಮಾದರಿ ಈಗ ಗುರುತು ಸಿಗುವಷ್ಟು ಆಗಿದೆ. ಅಮೆರಿಕದ ಅಲಾಸ್ಕಾದಲ್ಲಿರುವ ಫೇರ್‌ಬ್ಯಾಂಕ್ಸ್ ಊರಿನ ಸುತ್ತಲಿನ ಒಂದು ಬೆಟ್ಟವನ್ನು ನೆತ್ತಿಯಿಂದ ಬುಡದವರೆಗೆ ಸೀಳಿದರೆ ಒಳಗೇನಿರುತ್ತದೆ ಅಂತ ಮಂಡ್ಯದ ನಮ್ಮ ಬೀದಿಯ ಮಕ್ಕಳಿಗೆ ತೋರಿಸಬೇಕು. ಒಂದು ಕಡೆ ಜೀವ ಇರುವ ಮರ, ಮೊಲ, ಅಣಬೆ, ಇನ್ನೊಂದು ಕಡೆ ಜೀವ ಇಲ್ಲದ ಬಿಸಿಲು, ನೀರು, ಮಣ್ಣು ಅಂತ ಚಾರ್ಟ್ ಬರೆಯಬಹುದಿತ್ತು. ಆದರೆ ಆ ಕಾಡಿನಲ್ಲಿ ಇವೆರಡೂ ಬೇರೆ ಬೇರೆ ನಿಲ್ಲುವುದೇ ಇಲ್ಲ.

ಬೆಟ್ಟದ ಎರಡೂ ಮಗ್ಗುಲು ಮುಗಿದಿವೆ. ಫೇರ್‌ಬ್ಯಾಂಕ್ಸ್ ಇರುವುದು ಸುಮಾರು 65 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ 21ರ ಹೊತ್ತಿಗೆ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 2 ಡಿಗ್ರಿಯಷ್ಟೇ ಮೇಲಿರುತ್ತಾನೆ. ಬೇಸಿಗೆಯಲ್ಲೂ ನಡುಮಧ್ಯಾಹ್ನದ ಬಿಸಿಲು ದಕ್ಷಿಣದಿಂದ ಓರೆಯಾಗಿಯೇ ಬೀಳುತ್ತದೆ. ಹಾಗಾಗಿ ದಕ್ಷಿಣದ ಮಗ್ಗುಲು ಬೆಚ್ಚಗಿದ್ದು ಅಲ್ಲಿ ಎಲೆ ಉದುರಿಸುವ ಬರ್ಚ್, ಆಸ್ಪೆನ್ ಮರಗಳು ಬೆಳೆಯುತ್ತವೆ. ಉತ್ತರದ ಮಗ್ಗುಲಲ್ಲಿ ಸೂಜಿಯಂಥ ಎಲೆಯ, ಕುಳ್ಳಗಿನ ಕಪ್ಪು ಸ್ಪ್ರೂಸ್ ಮರ, ಅದರ ಕೆಳಗೆ ದಪ್ಪ ಹಾವಸೆ, ಅದರಡಿ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣು. ಸ್ಪ್ರೂಸ್‌ಗೆ ಸರ್ವೆ ಮರದ ತುದಿಗಳನ್ನು ನೆಟ್ಟಿದ್ದೇನೆ. ಸರ್ವೆ ಆ ಕುಲದ್ದಲ್ಲ, ನೋಟಕ್ಕೆ ಮಾತ್ರ ಹೊಂದುತ್ತದೆ. ಹೆಪ್ಪುಗಟ್ಟಿದ ಮಣ್ಣಿಗೆ ಜೇಡಿಯ ಜೊತೆ ಕರಗಿಸಿದ ಮೇಣ, ಹಾವಸೆಗೆ ತೆಂಗಿನ ನಾರಿನ ಪುಡಿ.

ಈ ಹಾವಸೆ ಮೇಲೆ ನನಗೆ ಜಾಸ್ತಿ ಪ್ರೀತಿ. ಬೇಸಿಗೆಯಲ್ಲಿ ಒಣಗಿ, ಐಸ್ ಗಡ್ಡೆಗೆ ಮುಚ್ಚಿದ ಮರದ ಹೊಟ್ಟಿನ ಹಾಗೆ ಬಿಸಿಯನ್ನು ಕೆಳಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಒದ್ದೆಯಾಗಿ ಹೆಪ್ಪುಗಟ್ಟಿದಾಗ ಒಳಗಿನ ಬಿಸಿಯನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ಅಂದರೆ ಜೀವ ಇರುವ ಒಂದು ಪುಟ್ಟ ಗಿಡ ಮಣ್ಣನ್ನು ತಣ್ಣಗಿಡುತ್ತಿದೆ. ಆ ತಣ್ಣನೆ ಮಣ್ಣು, ಅಲ್ಲಿ ಯಾವ ಮರ ಬದುಕಬಹುದು ಅಂತ ತೀರ್ಮಾನಿಸುತ್ತಿದೆ. ಎಷ್ಟು ಚೆನ್ನಾಗಿದೆ, ಅಲ್ವಾ?

ನೀರಿನ ಲೆಕ್ಕವೂ ಹೀಗೇ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಆದರೂ ನಾಲೆ ನೀರು ಬರದಿದ್ದರೆ ಗದ್ದೆ ಬಿರುಕು ಬಿಡುತ್ತದೆ. ಫೇರ್‌ಬ್ಯಾಂಕ್ಸ್‌ನಲ್ಲಿ ಮಳೆ, ಹಿಮ ಎಲ್ಲ ಸೇರಿ ಸುಮಾರು 300 ಮಿ.ಮೀ. ಅಷ್ಟೇ. ಆದರೆ ಸ್ಪ್ರೂಸ್ ಕೆಳಗಿನ ನೆಲ ಜವುಗು. ಚಳಿಗೆ ನೀರು ಆವಿಯಾಗುವುದು ಕಡಿಮೆ, ಹೆಪ್ಪುಗಟ್ಟಿದ ಮಣ್ಣು ಅದನ್ನು ಕೆಳಗೂ ಇಳಿಯಲು ಬಿಡುವುದಿಲ್ಲ. ತೊಟ್ಟಿಯಲ್ಲಿ ಇದನ್ನು ತೋರಿಸಲು ಮೇಣದ ಪದರ ಚೆನ್ನಾಗಿ ಕೆಲಸ ಮಾಡಿತು. ಮೇಲಿಂದ ನೀರು ಚಿಮುಕಿಸಿದರೆ ನಾರಿನ ಪುಡಿಯಲ್ಲೇ ನಿಲ್ಲುತ್ತದೆ.

ಮೊಲ ಮತ್ತು ಲಿಂಕ್ಸ್ ಬೆಕ್ಕನ್ನು ಜೇಡಿಯಲ್ಲಿ ಮಾಡಿ ಒಣಗಲು ಇಟ್ಟಿದ್ದೇನೆ.

ಇನ್ನು ಉಳಿದಿರುವುದು ಬೆಂಕಿ. ಕಾಳ್ಗಿಚ್ಚು ಹಾವಸೆಯನ್ನು ಆಳಕ್ಕೆ ಸುಟ್ಟರೆ ಮಣ್ಣಿನ ಹೆಪ್ಪು ಇನ್ನಷ್ಟು ಕೆಳಗಿನವರೆಗೆ ಕರಗುತ್ತದೆ, ಸ್ಪ್ರೂಸ್ ಇದ್ದ ಜಾಗಕ್ಕೆ ಬರ್ಚ್, ಆಸ್ಪೆನ್ ನುಗ್ಗಬಹುದು. ಹಾವಸೆ ಅಷ್ಟಾಗಿ ಸುಡದಿದ್ದರೆ ಸ್ಪ್ರೂಸ್ ಕಾಯಿಗಳು ಬೆಂಕಿಯ ಕಾವಿಗೆ ಬಾಯಿಬಿಟ್ಟು ಬೀಜ ಉದುರಿಸಿ ಮತ್ತೆ ಅದೇ ಕಾಡು ಏಳುತ್ತದೆ. ಇದಕ್ಕಾಗಿ ಉತ್ತರದ ಮಗ್ಗುಲಲ್ಲಿ ಕೈಯಿಂದ ಎತ್ತಿ ತೆಗೆಯಬಹುದಾದ ಒಂದು ತುಂಡು ಬಿಟ್ಟಿದ್ದೇನೆ. ಅದಕ್ಕೆ ಬದಲಿಯಾಗಿ ಕೂರಿಸಲು ಸುಟ್ಟ ಪದರದ ಎರಡು ತುಂಡು ಬೇಕು, ಒಂದು ತೆಳ್ಳಗೆ ಸುಟ್ಟದ್ದು, ಇನ್ನೊಂದು ಆಳಕ್ಕೆ ಸುಟ್ಟದ್ದು. ಬಣ್ಣಕ್ಕೆ ಆಲೆಮನೆಯಿಂದ ಬೂದಿ ತಂದಾಗಿದೆ.