ಮಾವ ಕಟ್ಟಿದ 39 ಮಹಡಿ

"ಕ್ಯಾ ಕಾಮ್ ಹೈ ಇಧರ್?" ಅಂತ ಸೆಕ್ಯುರಿಟಿ ಹುಡುಗ ಕೇಳಿದ.

"ಕಾಮ್ ಖತಮ್ ಹೋ ಗಯಾ. ದೇಖ್ನೇ ಆಯಾ" ಅಂದರು ಮಾವ.

ಶನಿವಾರದಿಂದ ಈ ಎರಡು ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ.

ಮಾವ ಅಂದರೆ ಅಮ್ಮನ ಅಣ್ಣ. ಕುಂದಾಪುರದವರು, 72 ವರ್ಷ. ದುಬೈನಲ್ಲಿರುವ ಮಗನ ಮನೆಗೆ ಹದಿನೈದು ದಿನಕ್ಕೆ ಬಂದಿದ್ದಾರೆ. ಅವರಿಗೆ ಇದು ಹೊಸ ಊರಲ್ಲ. 1976ರಲ್ಲಿ ಬಾಂಬೆಯಿಂದ ದ್ವಾರಕಾ ಹಡಗು ಹತ್ತಿ ಸೆಂಟ್ರಿಂಗ್ ಕೆಲಸಕ್ಕೆ, ಅಂದರೆ ಕಾಂಕ್ರೀಟು ಹಾಕಲು ಹಲಗೆ ಕಟ್ಟುವ ಕೆಲಸಕ್ಕೆ ಬಂದವರು. ಏಳು ವರ್ಷ ದುಡಿದು ತಂಗಿಯಂದಿರ ಮದುವೆ ಮಾಡಿದರು. ಅದರಲ್ಲಿ ನನ್ನ ಅಮ್ಮನದೂ ಒಂದು. ವಾಪಸ್ ಹೋದಮೇಲೆ ಈ ಕಡೆ ಕಾಲಿಟ್ಟದ್ದು ಈಗಲೇ.

ಮಗ ಒಳ್ಳೆಯವನು, ಅಪ್ಪನಿಗೆ ಏನೂ ಕಮ್ಮಿ ಮಾಡಿಲ್ಲ. ಬುರ್ಜ್ ಖಲೀಫಾ ಟಿಕೆಟ್, ಮಾಲ್, ಡೆಸರ್ಟ್ ಸಫಾರಿ ಎಲ್ಲ ಬುಕ್ ಮಾಡಿಟ್ಟಿದ್ದ. ಮಾವ ಕೇಳಿದ್ದು ಮಾತ್ರ ಒಂದೇ: "ನನ್ನ ಟ್ರೇಡ್ ಸೆಂಟರ್ ಎಲ್ಲಿತ್ತ್ ಮಗಾ?" ಆಗ ಅವರು ಕೆಲಸ ಮಾಡಿದ ಕಟ್ಟಡ ಅದು. ಅವನು, "ಅಪ್ಪಾ, ಅದು ಹಳೇ ಬಿಲ್ಡಿಂಗ್, ಅಲ್ಲಿ ನೋಡ್ಲಿಕ್ಕೆ ಏನೂ ಇಲ್ಲ" ಅಂದುಬಿಟ್ಟ. ನನಗೆ ಆ ಮಾತು ಸರಿಕಾಣಲಿಲ್ಲ. ನಾನೇ ಕರೆದುಕೊಂಡು ಹೋದೆ.

ಮೆಟ್ರೋದಲ್ಲಿ ಮಾವ ಬಾಗಿಲ ಹತ್ತಿರದ ಗಾಜಿಗೆ ಹಣೆ ತಾಗಿಸಿ ನಿಂತಿದ್ದರು. ಶೇಖ್ ಜಾಯೆದ್ ರಸ್ತೆಯ ಎರಡೂ ಕಡೆ ಸಾಲು ಸಾಲು ಗೋಪುರಗಳು. ಅವರ ಕಾಲದಲ್ಲಿ ಇಲ್ಲಿ ಇದ್ದದ್ದು ಮರಳು ಮಾತ್ರ. ಊರು ಅಂದರೆ ಕ್ರೀಕ್ ಅನ್ನುವ, ಒಳಗೆ ಚಾಚಿದ ಸಮುದ್ರದ ಕವಲಿನ ಆಚೆ ಈಚೆ, ದೇರಾ ಮತ್ತು ಬರ್ ದುಬೈ. ಇಷ್ಟು ದೂರದ ಮರಳಲ್ಲಿ ಯಾಕೆ ಕಟ್ತಾರೆ, ಯಾರು ಬರ್ತಾರೆ ಅಂತ ಕೆಲಸದವರೇ ಮಾತಾಡಿಕೊಳ್ಳುತ್ತಿದ್ದರಂತೆ. ಆಗ ಇಡೀ ದುಬೈಯ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಈಗ 36 ಲಕ್ಷ ದಾಟಿದೆ.

"ಈ ಮರಳು ಕಾಂಕ್ರೀಟಿಗೆ ಆಗೂದಿಲ್ಲ, ಗೊತ್ತುಂಟಾ?" ಅಂದರು. ನನಗೆ ಗೊತ್ತಿರಲಿಲ್ಲ. ಗಾಳಿಗೆ ಉರುಳಿ ಉರುಳಿ ಮರುಭೂಮಿಯ ಕಣ ನುಣ್ಣಗೆ, ದುಂಡಗೆ ಆಗಿರುತ್ತದೆ. ಸಿಮೆಂಟಿನ ಜೊತೆ ಕಚ್ಚಿಕೊಳ್ಳುವುದಿಲ್ಲ. ಮರಳಿನ ನಡುವೆ ಇದ್ದುಕೊಂಡು ಮರಳನ್ನು ಬೇರೆ ಕಡೆಯಿಂದ ತರಬೇಕು. ನೀರೂ ಹಾಗೇ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯಬೇಕು. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ನಲ್ಲಿ ತಿರುಗಿಸುವಾಗ ಒಂದು ದಿನವೂ ಇದನ್ನು ಯೋಚಿಸಿಲ್ಲ.

ಸ್ಟೇಷನ್ ಇಳಿದು ಹೊರಗೆ ಬಂದರೆ ಮಾವನಿಗೆ ತಮ್ಮ ಕಟ್ಟಡ ಸಿಗಲಿಲ್ಲ. ಕತ್ತೆತ್ತಿ ಹುಡುಕಿದರು. ಎತ್ತರದ ಗಾಜಿನ ಕಟ್ಟಡಗಳನ್ನೇ ನೋಡುತ್ತಿದ್ದರು. ನಾನು ಕೈ ತೋರಿಸಿದೆ. ಬಿಳಿ ಬಣ್ಣದ್ದು, ಕಿಟಕಿಗಳ ಮುಂದೆ ಬಿಸಿಲು ತಡೆಯಲು ಜಾಲಂದ್ರದ ಹಾಗೆ ಕಾಂಕ್ರೀಟು. 1979ರಲ್ಲಿ ಎಲಿಜಬೆತ್ ರಾಣಿ ಬಂದು ಉದ್ಘಾಟನೆ ಮಾಡಿದಾಗ ಇಡೀ ಊರಲ್ಲಿ ಇದರಷ್ಟು ಎತ್ತರದ್ದು ಇನ್ನೊಂದಿರಲಿಲ್ಲ. ಮಾವ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಹಳೆಯ ನೂರು ದಿರ್ಹಮ್ ನೋಟು. ನಾಲ್ಕು ಮಡಿಕೆ ಬಿದ್ದು, ಮಡಿಕೆ ಕೂಡುವ ಜಾಗದಲ್ಲಿ ಸಣ್ಣ ತೂತು. ಹಿಂಬದಿಯಲ್ಲಿ ಇದೇ ಕಟ್ಟಡದ ಚಿತ್ರ. ನಲವತ್ತು ವರ್ಷದಿಂದ ಅದನ್ನು ಖರ್ಚು ಮಾಡಿಲ್ಲ. ಕಷ್ಟದ ದಿನಗಳು ಬಂದಿದ್ದವು, ನನಗೆ ಗೊತ್ತು.

ಹತ್ತಿರ ಹೋಗಿ ಗೋಡೆಗೆ ಅಂಗೈ ಇಟ್ಟರು. ಬೆರಳಿಂದ ಏನನ್ನೋ ಹುಡುಕುವ ಹಾಗೆ ಸವರಿದರು. ಹಲಗೆಯ ಗುರುತು ಇರಬಹುದು ಅಂದುಕೊಂಡರೋ ಏನೋ. ಆಗಲೇ ಆ ಹುಡುಗ ಬಂದು ಕೇಳಿದ್ದು. ನೇಪಾಳದವನಿರಬೇಕು, ಇಪ್ಪತ್ತೈದರ ಪ್ರಾಯ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಡ್ಯೂಟಿ ಅದು. ಮಾವನ ಉತ್ತರ ಕೇಳಿ ಒಂದು ಸಲ ಕಟ್ಟಡ ನೋಡಿದ, ಒಂದು ಸಲ ಮಾವನ ಕೈ ನೋಡಿದ. "ಎರಡು ನಿಮಿಷ ನೋಡ್ಕೊಳ್ಳಿ ಅಂಕಲ್, ಮೇಲೆ ಕ್ಯಾಮರಾ ಇದೆ" ಅಂತ ಹಿಂದಿಯಲ್ಲೇ ಹೇಳಿ ಆಚೆ ತಿರುಗಿ ನಿಂತ.

ಕೆಲಸ ಮುಗಿಯಿತು. ನೋಡಲು ಬಂದೆ. ಎಷ್ಟು ಸರಳವಾಗಿ ಹೇಳಿದರು! ನನಗೆ ಮಾತ್ರ ಅದು ಸರಳ ಅನ್ನಿಸುತ್ತಿಲ್ಲ. ದುಬೈ ಎಣ್ಣೆಯ ದುಡ್ಡಲ್ಲಿ ಬೆಳೆಯಿತು ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಹಡಗುಗಳು ಬರಲಿ ಅಂತ ಕ್ರೀಕ್‌ನ ಹೂಳೆತ್ತುವ ಕೆಲಸ ಅದಕ್ಕೂ ಮೊದಲೇ ಸಾಲ ಮಾಡಿ ಆಗಿತ್ತು. ಆಳಿದವರ ಮುಂದಾಲೋಚನೆ ದೊಡ್ಡದು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಸುಡುವ ಹಲಗೆ ಹಿಡಿದ ಕೈಗಳೂ ಇದ್ದವು ಅಲ್ವಾ? ನಮ್ಮ ಕರಾವಳಿಯವರದ್ದು, ಮಲಯಾಳಿಗಳದ್ದು, ಪಠಾಣರದ್ದು. ಇಲ್ಲಿ ಹತ್ತರಲ್ಲಿ ಒಂಬತ್ತು ಜನ ಹೊರಗಿನವರು. ಹೆಚ್ಚಿನವರಿಗೆ ಕೆಲಸ ಇರುವ ತನಕ ವೀಸಾ, ಆಮೇಲೆ ಪೆಟ್ಟಿಗೆ ಕಟ್ಟಬೇಕು. ನಾನೂ ಒಂದು ದಿನ ಕಟ್ಟುತ್ತೇನೆ. ಆಮೇಲೆ ಈ ಊರು ನನ್ನದು ಅಂತ ಯಾವ ಗೋಡೆ ಮುಟ್ಟಿ ಹೇಳಲಿ? ನನ್ನದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ಕೆಲಸ. ಮಾವನಿಗೆ ಮುಟ್ಟಲು ಒಂದು ಗೋಡೆಯಾದರೂ ಇದೆ.

ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಮಾವ ಮಹಡಿ ಎಣಿಸತೊಡಗಿದರು. ಮಗನ ಫೋನ್ ಬರುತ್ತಲೇ ಇತ್ತು, ಬುರ್ಜ್ ಖಲೀಫಾ ಟೈಮ್ ಆಯ್ತು ಅಂತ. 828 ಮೀಟರಿನ ಅದು ಅಲ್ಲಿಂದಲೂ ಕಾಣುತ್ತಿತ್ತು. ಮಾವ ಆ ಕಡೆ ತಿರುಗಲಿಲ್ಲ. ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ಬೆರಳು ಮಡಿಚುತ್ತಾ ನಿಧಾನವಾಗಿ ಮೇಲೆ ಹೋದರು.

"ಮೂವತ್ತೊಂಬತ್ತು. ಎಲ್ಲ ಇತ್ತ್ ಮಗಾ. ಹೋಪ" ಅಂದು ಎದ್ದರು.