‘ಒಟ್ಟು ಎಷ್ಟು ಉಳೀತು?’ – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಐವತ್ತು ಡಾಲರ್.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ನಾನೂ ನನ್ನ ಹೆಂಡತಿಯೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಾರು ಹತ್ತಿ ಹನ್ನೆರಡನೇ ದಿನ ನ್ಯೂಯಾರ್ಕ್‌ನಲ್ಲಿ ಇಳಿದೆವು. ನಡುವಿನ 11 ರಾತ್ರಿಗಳಲ್ಲಿ 8 ರಾತ್ರಿ ಮಲಗಿದ್ದು ಅಲ್ಲಿಯತನಕ ಮುಖ ಕಂಡಿರದವರ ಮನೆಗಳಲ್ಲಿ. ಯಾರೂ ಒಂದು ಸೆಂಟ್ ತೆಗೆದುಕೊಳ್ಳಲಿಲ್ಲ. ಇದನ್ನು ಹೇಳಿದಾಗಲೆಲ್ಲ ಎದುರಿನವರು ಮೊದಲು ಕಣ್ಣರಳಿಸುತ್ತಾರೆ, ಆಮೇಲೆ ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡು ಕೇಳುತ್ತಾರೆ: “ಅಲ್ಲಾ, ಒಟ್ಟು ಎಷ್ಟು ಉಳೀತು?”

ಲೆಕ್ಕ ಕೊಡುತ್ತೇನೆ. ಮೋಟೆಲ್‌ನಲ್ಲಿ ಕಳೆದ ಮೂರು ರಾತ್ರಿಗೆ ತೆರಿಗೆ ಸೇರಿ ಸರಾಸರಿ 95 ಡಾಲರ್ ಬಿತ್ತು. ಆ ದರದಲ್ಲಿ ಎಂಟು ರಾತ್ರಿಗೆ 760. ಮನೆಗಳಿಗೆ ಒಯ್ದ ಉಡುಗೊರೆ, ಅಲ್ಲಿ ಅಡುಗೆ ಮಾಡಲು ತಂದ ದಿನಸಿ, ಒಂದು ಡಬ್ಬಿ ಪ್ರೋಟೀನ್ ಪುಡಿ (ಅದರ ಕಥೆ ಆಮೇಲೆ), ಎಲ್ಲ ಸೇರಿ 210. ಉಳಿದದ್ದು 550. ಆದರೆ ಕಾರನ್ನು ತೆಗೆದುಕೊಂಡ ಊರಲ್ಲೇ ಹಿಂದಿರುಗಿಸದೆ ದೇಶದ ಇನ್ನೊಂದು ತುದಿಯಲ್ಲಿ ಬಿಟ್ಟರೆ ಅದಕ್ಕೊಂದು ಬೇರೆ ಶುಲ್ಕ ಇದೆ. ನಮಗೆ ಹಾಕಿದ್ದು 500. ಬುಕ್ ಮಾಡುವಾಗ ಅದು ಬಿಲ್ಲಿನ ತಳದಲ್ಲಿ ಇತ್ತು, ನಾನೇ ಕೆಳಗಿನವರೆಗೆ ಓದಿರಲಿಲ್ಲ.

“ಅಷ್ಟಕ್ಕೆ ಇಷ್ಟೆಲ್ಲ ಯಾಕೆ?” ಅನ್ನುವುದು ಎರಡನೇ ಪ್ರಶ್ನೆ. ನಿಜವಾಗಿ ಉತ್ತರ ಬೇಕಾಗಿರುವುದು ಅದಕ್ಕೇ.

ಪುಕ್ಕಟೆ ಅಂತ ನಾನೂ ಅಂದುಕೊಂಡೇ ಹೊರಟಿದ್ದೆ. ಎರಡನೇ ಮನೆಯ ಹೊತ್ತಿಗೆ ಗೊತ್ತಾಯಿತು, ಬಾಡಿಗೆ ಕೊಡಲೇಬೇಕು, ಅದು ಸಂಜೆಯ ರೂಪದಲ್ಲಿ. ಆರು ಗಂಟೆ ಡ್ರೈವ್ ಮಾಡಿ, ಬೆನ್ನು ಮರಗಟ್ಟಿ, ಬೂಟು ಬಿಚ್ಚಿ ಬಿದ್ದುಕೊಂಡರೆ ಸಾಕು ಅನ್ನಿಸುವ ಹೊತ್ತಿಗೆ ನೀವು ಒಂದು ಹೊಸ ಮನೆಯ ಮೆಟ್ಟಿಲ ಮೇಲೆ ನಿಂತು ನಗುತ್ತಿರುತ್ತೀರಿ. ಬಾಗಿಲು ತೆರೆದವರು ಇಡೀ ದಿನ ಮನೆಯಲ್ಲಿದ್ದು ನಿಮಗಾಗಿ ಕಾದವರು. ಅವರಿಗೆ ಬೇಕಾಗಿರುವುದು ಮಾತು. ಎಲ್ಲಿಂದ ಬಂದಿರಿ, ದಾರಿ ಹೇಗಿತ್ತು, ಅದ್ಯಾಕೆ ಹೀಗೆ ಹೊರಟಿರಿ. ಮನೆ ಮನೆಯಲ್ಲೂ ಅದೇ ಕಥೆ, ಪ್ರತಿ ಸಲ ಮೊದಲ ಸಲ ಹೇಳುತ್ತಿರುವ ಹುರುಪಿನಲ್ಲಿ. ಕೀ ಕೊಟ್ಟು ಕಣ್ಣೆತ್ತಿಯೂ ನೋಡದ ಮೋಟೆಲ್ ಕೌಂಟರಿನವನು ಕೆಲವು ದಿನ ದೇವರ ಹಾಗೆ ಕಾಣುತ್ತಾನೆ.

ಈ ಬಾಡಿಗೆ ಕೊಡಲು ಮನಸ್ಸಿಲ್ಲದವರು ದಯವಿಟ್ಟು ಮೋಟೆಲ್‌ಗೆ ಹೋಗಿ. ಅದರಲ್ಲಿ ತಪ್ಪೇನಿಲ್ಲ. ತಪ್ಪು ಅಂದರೆ ಮನೆಯಲ್ಲಿ ಇಳಿದುಕೊಂಡು ಮೋಟೆಲ್‌ನಲ್ಲಿ ಇದ್ದ ಹಾಗೆ ಇರುವುದು: ರಾತ್ರಿ ಹತ್ತಕ್ಕೆ ಬಂದು, ವೈಫೈ ಪಾಸ್‌ವರ್ಡ್ ಕೇಳಿ, ಬೆಳಿಗ್ಗೆ ಏಳಕ್ಕೆ ಜಾಗ ಖಾಲಿ ಮಾಡುವುದು. ಅಂಥವರ ಬಗ್ಗೆ ಎಲ್ಲ ಹೋಸ್ಟ್‌ಗಳ ಬಳಿಯೂ ಒಂದೊಂದು ಕಥೆ ಇತ್ತು.

ಇಂಥ ಮನೆಗಳು ಸಿಗುವುದು ಹೇಗೆ ಅಂದರೆ, ಇದಕ್ಕೆಂದೇ ಇರುವ ಬಳಗಗಳಿವೆ, ಮತ್ತು ಇದು ಇಂಟರ್‌ನೆಟ್ ಕಾಲದ ಆಟವಲ್ಲ. ಸರ್ವಾಸ್ ಅನ್ನುವ ಸಂಸ್ಥೆ 1949ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾಯಿತು. ಮಹಾಯುದ್ಧ ಮುಗಿದ ಹೊಸತು. ಬೇರೆ ಬೇರೆ ದೇಶದವರು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಮಲಗಿದರೆ ಮತ್ತೆ ಬಡಿದಾಡುವುದು ಕಷ್ಟವಾದೀತು ಅನ್ನುವುದು ಅದರ ಹಿಂದಿನ ಯೋಚನೆ. ಈಗಲೂ ಅಲ್ಲಿ ಸೇರಬೇಕಾದರೆ ಸಂದರ್ಶನ ಇದೆ, ಕೈಯಲ್ಲಿ ಪರಿಚಯ ಪತ್ರ ಇರಬೇಕು, ಒಂದು ಮನೆಯಲ್ಲಿ ಎರಡು ರಾತ್ರಿ ಉಳಿಯುವುದು ವಾಡಿಕೆ. ಎಲ್ಲರಿಗೂ ಗೊತ್ತಿರುವ ಕೌಚ್‌ಸರ್ಫಿಂಗ್ ಬಂದದ್ದು 2004ರಲ್ಲಿ. ಅದನ್ನು ಕಟ್ಟಿದ ಕೇಸಿ ಫೆಂಟನ್ ಅದಕ್ಕೂ ಐದು ವರ್ಷ ಮೊದಲು ಐಸ್‌ಲ್ಯಾಂಡಿಗೆ ಅಗ್ಗದ ಟಿಕೆಟ್ ಸಿಕ್ಕಾಗ ಅಲ್ಲಿನ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ‘ನಿಮ್ಮಲ್ಲಿ ಮಲಗಲು ಜಾಗ ಇದೆಯಾ’ ಅಂತ ಇಮೇಲ್ ಕಳಿಸಿದ್ದನಂತೆ. 2011ರಲ್ಲಿ ಅದು ಲಾಭದ ಕಂಪನಿಯಾಯಿತು, 2020ರಲ್ಲಿ ಸದಸ್ಯತ್ವಕ್ಕೆ ಹಣ ಇಟ್ಟಿತು. ಸ್ವಯಂಸೇವಕರೇ ನಡೆಸುವ ಬಿವೆಲ್‌ಕಮ್ ಇನ್ನೂ ಪುಕ್ಕಟೆ. ಸೈಕಲ್ ತುಳಿಯುವವರಿಗೆ ವಾರ್ಮ್‌ಶವರ್ಸ್ ಇದೆ. ಕಾರಿನಲ್ಲಿ ಹೋಗುವವರು ಅಲ್ಲಿ ಬಾಗಿಲು ತಟ್ಟಬಾರದು.

ನಾವು ಕಳಿಸಿದ್ದು ಒಟ್ಟು ಮೂವತ್ತೊಂದು ಕೋರಿಕೆ. ಮೊದಲ ಹತ್ತನ್ನು ಒಂದೇ ಪತ್ರ ಬರೆದು ಹೆಸರು ಬದಲಿಸಿ ಕಳಿಸಿದ್ದೆ. ಹತ್ತಕ್ಕೂ ಉತ್ತರ ಇಲ್ಲ. ಆಮೇಲೆ ಹೆಂಡತಿ ಒಬ್ಬೊಬ್ಬರ ಪ್ರೊಫೈಲ್ ಪೂರ್ತಿ ಓದಿ, ಅವರ ನಾಯಿಯ ಹೆಸರು ಹಿಡಿದು ಬರೆದಳು, ಬಾಗಿಲುಗಳು ತೆರೆದವು. ಗಂಡಹೆಂಡತಿ ಅನ್ನುವುದೂ ಕೆಲಸ ಮಾಡಿತು, ಅದರಲ್ಲಿ ಅನುಮಾನವಿಲ್ಲ. ನಾನೊಬ್ಬನೇ ಗಂಡಸು ಆಗಿದ್ದರೆ ಇದರಲ್ಲಿ ಅರ್ಧ ಮನೆಗಳೂ ಒಪ್ಪುತ್ತಿರಲಿಲ್ಲ. ಒಂಟಿ ಹೆಣ್ಣುಮಕ್ಕಳಿಗೆ ಮನೆ ಸುಲಭವಾಗಿ ಸಿಗುತ್ತದೆ, ಆದರೆ ಹೇಗೆ ಆರಿಸುವುದು ಅನ್ನುವುದು ಬೇರೆಯೇ ವಿಷಯ. ಅದನ್ನು ಹಾಗೆ ಹೋಗಿಬಂದ ಹೆಣ್ಣುಮಕ್ಕಳನ್ನೇ ಕೇಳಿ.

ಹೆದರಿಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿಂದೆ ಉಳಿದವರು ಬರೆದ ಮಾತುಗಳನ್ನು ಓದಿ, ಹೊಗಳಿಕೆಗಿಂತ ಹೆಚ್ಚಾಗಿ ಯಾವ ವಿಷಯದಲ್ಲಿ ಸುಮ್ಮನಿದ್ದಾರೆ ಅಂತ ನೋಡಿ. ವಿಳಾಸ ಒಬ್ಬ ಗೆಳೆಯರ ಬಳಿ ಇರಲಿ. ಹತ್ತಿರದ ಮೋಟೆಲ್ ಹೆದ್ದಾರಿಯಿಂದ ಇಳಿಯುವ ಯಾವ ಎಕ್ಸಿಟ್‌ನಲ್ಲಿದೆ ಅಂತ ಮೊದಲೇ ನೋಡಿಕೊಂಡಿರಿ, ಅಲ್ಲಿಗೆ ಹೋಗುವಷ್ಟು ದುಡ್ಡು ಜೇಬಿನಲ್ಲಿರಲಿ. ಹಣ ಇಲ್ಲದೆ ಸಿಕ್ಕಿಬೀಳುವುದೇ ನಿಜವಾದ ಅಪಾಯ. ನಮಗೆ ಆದ ಕೆಟ್ಟ ಅನುಭವ ಒಂದೇ, ಅದೂ ನಗುವಂಥದ್ದು. ಒಂದು ಊರಲ್ಲಿ, ಊರಿನ ಹೆಸರು ಬೇಡ, ಊಟ ಮುಗಿದ ಮೇಲೆ ಮನೆಯಾತ ಲ್ಯಾಪ್‌ಟಾಪ್ ತೆಗೆದು ಒಂದೂವರೆ ಗಂಟೆ ತನ್ನ ಪ್ರೋಟೀನ್ ಪುಡಿಯ ಚೈನ್ ವ್ಯವಹಾರ ವಿವರಿಸಿದ. ಅವನದೇ ಸೋಫಾ ಮೇಲೆ ಕೂತು, ಅವನದೇ ಅನ್ನ ತಿಂದು, ಬೇಡ ಅನ್ನಲು ನಾಲಿಗೆ ಏಳಲಿಲ್ಲ. 38 ಡಾಲರ್. ಆ ಡಬ್ಬಿಯನ್ನು ಪೆನ್ಸಿಲ್ವೇನಿಯಾದ ಒಂದು ರೆಸ್ಟ್ ಏರಿಯಾದಲ್ಲಿ ಬಿಟ್ಟು ಬಂದೆವು.

ಬೇಡ ಅನ್ನುವ ವಿಷಯಕ್ಕೆ ಬಂದರೆ, ಮೊದಲ ರಾತ್ರಿಯ ಪಾಠ ಅದು. ರೀನೋ ಊರಿನ ಮನೆಯಲ್ಲಿ ಆಕೆ ಕೇಳಿದರು, “ಏನಾದರೂ ತಿಂತೀರಾ?” ನಾವಿಬ್ಬರೂ ಅಭ್ಯಾಸಬಲದಿಂದ ಒಟ್ಟಿಗೆ, “ಅಯ್ಯೋ, ಏನೂ ಬೇಡ.” ಅವರು “ಸರಿ” ಅಂದರು. ಅಷ್ಟೇ. ಎರಡನೇ ಸಲ ಕೇಳಲಿಲ್ಲ, ಬಲವಂತ ಮಾಡಲಿಲ್ಲ, ತಟ್ಟೆ ತಂದು ಮುಂದಿಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಾರಿನಲ್ಲಿದ್ದ ಬಿಸ್ಕೆಟ್ ತರಲು ನಾನು ಕಳ್ಳಹೆಜ್ಜೆಯಲ್ಲಿ ಹೊರಗೆ ಹೋದಾಗ ಗ್ಯಾರೇಜಿನ ಸೆನ್ಸರ್ ದೀಪ ಝಗ್ಗನೆ ಹತ್ತಿಕೊಂಡಿತು. ಆ ದೇಶದಲ್ಲಿ ಬೇಡ ಅಂದರೆ ಬೇಡ. ‘ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ’ ಅಂದರೆ ಫ್ರಿಜ್ ನೀವೇ ತೆಗೆಯಬಹುದು ಅಂತಲೇ ಅರ್ಥ. ಇದು ಒರಟುತನವಲ್ಲ, ನಿಮ್ಮ ಮಾತನ್ನು ನಂಬುವ ಮರ್ಯಾದೆ. ನಮಗೆ ಒಗ್ಗಲು ಮೂರು ಮನೆ ಹಿಡಿಯಿತು.

ಅಯೋವಾ ರಾಜ್ಯದ ಡೆಮೊಯ್ನ್ ಊರಲ್ಲಿ ಇವತ್ತಿನ ಅಡುಗೆ ನಮ್ಮದು ಅಂತ ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟೆವು. ಸಾಸಿವೆ ಸಿಡಿದು ಮೆಣಸಿನಕಾಯಿ ಕೆಂಪಗಾಗುವಷ್ಟರಲ್ಲಿ ಸೂರಿನಲ್ಲಿದ್ದ ಹೊಗೆ ಅಲಾರಾಂ ಕಿವಿ ಕಿತ್ತುಹೋಗುವ ಹಾಗೆ ಕೂಗಿತು, ನಾಯಿ ಬೊಗಳಿತು, ಮನೆಯ ಯಜಮಾನ ಟವೆಲ್ ಹಿಡಿದು ಅಲಾರಾಂಗೆ ಗಾಳಿ ಬೀಸುತ್ತ ಕೆಮ್ಮುತ್ತ ಕುರ್ಚಿ ಮೇಲೆ ನಿಂತ. ಆಮೇಲೆ ಮೂರು ಸಲ ಹಾಕಿಸಿಕೊಂಡ ಅನ್ನುವುದೂ ಹೌದು. ಕೊಡುವ ಬಾಡಿಗೆಯಲ್ಲಿ ಇದು ಅತ್ಯುತ್ತಮ ನಾಣ್ಯ. ಎಕ್ಸಾಸ್ಟ್ ಫ್ಯಾನ್ ಮಾತ್ರ ಮೊದಲೇ ಹಾಕಿ.

ಮನೆಗಳನ್ನು ಹಿಡಿದು ಹೊರಟರೆ ದಾರಿಯೂ ಬದಲಾಗುತ್ತದೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ನಾವು ಹಿಡಿದದ್ದು ಐ-80 ಹೆದ್ದಾರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಜೆರ್ಸಿಯ ಟೀನೆಕ್‌ವರೆಗೆ ಸುಮಾರು 2,900 ಮೈಲಿ, 11 ರಾಜ್ಯ. ಚೆಂದದ ದಾರಿ ಅಂತ ಯಾರೂ ಹೊಗಳುವುದಿಲ್ಲ, ಟ್ರಕ್ಕುಗಳ ದಾರಿ ಅದು. ಉತ್ತರಕ್ಕೆ ತಿರುಗಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡುವ ಆಸೆ ಇತ್ತು. ಆದರೆ ಒಂದು ಮನೆಗೆ ‘ಗುರುವಾರ ಸಂಜೆ ಐದಕ್ಕೆ’ ಅಂತ ಮಾತು ಕೊಟ್ಟ ಮೇಲೆ ಗುರುವಾರ ಸಂಜೆ ಐದು ಗಂಟೆಯೇ ನಿಮ್ಮ ಭೂಪಟ. ಪೂರ್ವಕ್ಕೆ ಹೋಗುವವರಿಗೆ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಬೇಗ ಹೊರಡಲೂ ಆಗದು. ನೋಡಬೇಕಾದ ಎಷ್ಟೋ ಜಾಗಗಳ ಪಕ್ಕದಲ್ಲೇ ಹಾದುಹೋದೆವು.

ಇನ್ನು ಗಡಿಯಾರ. ಅಮೆರಿಕದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಗಂಟೆ. ಈ ದಾರಿಯಲ್ಲಿ ಪೂರ್ವಕ್ಕೆ ಹೋದರೆ ಮೂರು ಸಲ ಒಂದೊಂದು ಗಂಟೆ ಕಳೆದುಕೊಳ್ಳುತ್ತೀರಿ, ಅದೂ ರಾಜ್ಯದ ಗಡಿಯಲ್ಲೇ ಅಂತ ನಿಯಮವಿಲ್ಲ. ನೆವಾಡಾ ರಾಜ್ಯದ ವೆಸ್ಟ್ ವೆಂಡೋವರ್ ಅನ್ನುವ ಊರು ಪಕ್ಕದ ಯೂಟಾದ ಗಂಟೆ ಇಟ್ಟುಕೊಂಡಿದೆ. ನೆಬ್ರಾಸ್ಕದಲ್ಲಂತೂ ಗೆರೆ ರಾಜ್ಯದ ಹೊಟ್ಟೆಯ ಮೇಲೇ ಹಾದುಹೋಗಿದೆ. ನಾವು ಎಡವಿದ್ದು ಅಲ್ಲೇ.

ಆ ದಿನ ವಯೋಮಿಂಗ್‌ನ ಲ್ಯಾರಮಿಯಿಂದ ಹೊರಟೆವು. ಸ್ವಲ್ಪ ಹೊತ್ತಿಗೆ 8,640 ಅಡಿ ಎತ್ತರದ ಶರ್ಮನ್ ಸಮಿಟ್, ಐ-80ರ ಅತಿ ಎತ್ತರದ ಜಾಗ, ಅಲ್ಲಿ ಲಿಂಕನ್ನರ ದೊಡ್ಡ ಕಂಚಿನ ತಲೆ. ಅಲ್ಲಿಂದ ಇಳಿಜಾರು, ಆಮೇಲೆ ನೆಬ್ರಾಸ್ಕದ ಬಯಲು. ಆ ರಾತ್ರಿ ಉಳಿಯಬೇಕಿದ್ದ ಮನೆಯಾಕೆ ಮೆಸೇಜ್‌ನಲ್ಲಿ ದಾರಿ ಹೇಳಿದ್ದು ಒಂದೇ ಸಾಲು: “ಎಕ್ಸಿಟ್ 272.” ಅಲ್ಲಿ ಎಕ್ಸಿಟ್ ನಂಬರ್ ಅಂದರೆ ರಾಜ್ಯದ ಪಶ್ಚಿಮ ಗಡಿಯಿಂದ ಎಷ್ಟನೇ ಮೈಲಿ ಅಂತ. ಗಡಿ ದಾಟಿದ ಮೇಲೆ 272 ಮೈಲಿ ಸುಮ್ಮನೆ ನೆಟ್ಟಗೆ ಹೋಗುವುದು, ಅಷ್ಟೇ. ಮ್ಯಾಪ್ ಯಾಕೆ ಬೇಕು ಅಂತ ಫೋನುಗಳನ್ನು ಚಾರ್ಜಿಗೆ ಹಾಕಿ ಬ್ಯಾಗಿನಲ್ಲಿಟ್ಟೆವು. ಫೋನ್ ತನ್ನಷ್ಟಕ್ಕೆ ಹೊಸ ಗಂಟೆ ತೋರಿಸುತ್ತಿತ್ತು, ನಾವು ನೋಡಿದ್ದು ಡ್ಯಾಶ್‌ಬೋರ್ಡಿನ ಗಡಿಯಾರ. ದಾರಿಬದಿಯ ‘ಸೆಂಟ್ರಲ್ ಟೈಮ್’ ಫಲಕ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಸರಿಯಾಗಿ ಐದಕ್ಕೆ ಆ ಮನೆಯ ಮುಂದೆ ಕಾರು ನಿಲ್ಲಿಸಿ, ಹೇಳಿದ ಹೊತ್ತಿಗೆ ಬಂದೆವಲ್ಲ ಅಂತ ಒಬ್ಬರನ್ನೊಬ್ಬರು ನೋಡಿ ಬೀಗಿದೆವು.

ಒಳಗೆ ಆರು ಗಂಟೆ. ಆ ಕಡೆಯಲ್ಲಿ ಐದೂವರೆಗೆ ರಾತ್ರಿ ಊಟ. ಮೇಜಿನ ಮೇಲೆ ಎರಡು ತಟ್ಟೆ ಅಲ್ಯುಮಿನಿಯಂ ಹಾಳೆ ಮುಚ್ಚಿಕೊಂಡು ಕೂತಿದ್ದವು, ಮೇಲೆ ಹಳದಿ ಚೀಟಿಯಲ್ಲಿ ನಮ್ಮ ಹೆಸರು, ನನ್ನದರಲ್ಲಿ ಎರಡು ಅಕ್ಷರ ತಪ್ಪು. ಆಕೆ ನಿವೃತ್ತ ಮೇಡಂ, ಎಪ್ಪತ್ತು ದಾಟಿದವರು. ಆಗಲೇ ಉಂಡು ಮುಗಿಸಿದ್ದರು. “ನಿಮ್ಮೂರು ಕಿಯರ್ನಿ ತುಂಬಾ ಚೆನ್ನಾಗಿದೆ” ಅಂತ ನಾನು ಸಮಾಧಾನಕ್ಕೆ ಏನೋ ಅಂದೆ. “ಕಾರ್ನಿ” ಅಂದರು. ಬರೆಯುವುದು ಹಾಗೆ, ಕರೆಯುವುದು ಹೀಗೆ. ಒಂದು ಗಂಟೆ ತಡ, ಊರಿನ ಹೆಸರೂ ತಪ್ಪು. ತಲೆ ತಗ್ಗಿಸಿ ತಟ್ಟೆಯ ಹಾಳೆ ತೆಗೆದೆವು. ಬೇಯಿಸಿದ ಮೆಕ್ಕೆಜೋಳ, ಆಲೂಗಡ್ಡೆ, ಬೀನ್ಸ್. ನಾವು ಮಾಂಸ ತಿನ್ನುವುದಿಲ್ಲ ಅಂತ ಪ್ರೊಫೈಲ್‌ನಲ್ಲಿ ಓದಿ ಮಾಡಿದ್ದು. ನಾವು ಉಣ್ಣುವಷ್ಟು ಹೊತ್ತೂ ಎದುರಿಗೇ ಕೂತರು, ಬಾಯಿ ಬಿಡದೆ. ಕೊನೆಗೆ ಹೆಂಡತಿ ತಡೆಯಲಾರದೆ ಕಾರಿನ ಗಡಿಯಾರದ ವಿಷಯ ಹೇಳಿದಳು.

ಅವರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು.

ಅಲ್ಲಿ ಎರಡು ರಾತ್ರಿ ಉಳಿದೆವು. ಮಾರನೆಯ ಸಂಜೆ ಪ್ಲಾಟ್ ನದಿಯ ದಂಡೆಗೆ ಕರೆದುಕೊಂಡು ಹೋಗಿ, ಏನೂ ಇಲ್ಲದ ಮರಳದಿಬ್ಬಗಳನ್ನು ತೋರಿಸಿದರು. ಮಾರ್ಚ್ ತಿಂಗಳಲ್ಲಿ ಅಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಅನ್ನುವ ಕೊಕ್ಕರೆಗಳು ಐದು ಲಕ್ಷಕ್ಕೂ ಹೆಚ್ಚು ಸೇರುತ್ತವೆ. ಹಗಲೆಲ್ಲ ಕೊಯ್ಲಾದ ಹೊಲದಲ್ಲಿ ಉದುರಿದ ಮೆಕ್ಕೆಜೋಳ ತಿಂದು, ರಾತ್ರಿ ನರಿಯಂಥ ಪ್ರಾಣಿಗಳು ಬಾರದ ಹಾಗೆ ಆಳವಿಲ್ಲದ ನೀರಿನಲ್ಲಿ ನಿಂತೇ ನಿದ್ದೆ ಮಾಡುತ್ತವೆ, ಆಮೇಲೆ ಉತ್ತರಕ್ಕೆ ಹಾರುತ್ತವೆ. “ಇಲ್ಲಿಂದ ಅಲ್ಲಿಯತನಕ” ಅಂತ ಅವರು ಕೈ ಚಾಚಿ ತೋರಿಸಿದ್ದಕ್ಕೆ ನಾವು ಖಾಲಿ ನದಿಯನ್ನು ನೋಡಿ ತಲೆಯಾಡಿಸಿದೆವು. ಯೆಲ್ಲೋಸ್ಟೋನ್ ತಪ್ಪಿದ ಬೇಜಾರು ನನಗೆ ಆ ಹೊತ್ತಿನಲ್ಲಿ ನೆನಪಿರಲಿಲ್ಲ.

ಹೊರಡುವ ಬೆಳಿಗ್ಗೆ ಹಾಸಿಗೆಯ ಬಟ್ಟೆಗಳನ್ನು ತೆಗೆದು ಮಡಚಿಟ್ಟು, ಕಾಫಿ ಲೋಟ ತೊಳೆದು, ಕಾರು ಹತ್ತಿದೆವು. ಆಕೆ ಕಿಟಕಿಯ ಹತ್ತಿರ ಬಂದು ಬಗ್ಗಿದರು.

“ಮುಂದಿನ ಸಲ ಮಾರ್ಚ್‌ನಲ್ಲಿ ಬನ್ನಿ. ಮತ್ತೆ, ನ್ಯೂಯಾರ್ಕ್ ಕಡೆಯಿಂದ ಹೊರಟು ಬನ್ನಿ. ಊಟಕ್ಕೆ ಒಂದು ಗಂಟೆ ಮುಂಚೆ ಸಿಗ್ತೀರಿ.”