ರಸ್ತೆ ಸರಣಿ: ಬಸ್ಸಿನ ಚಿತ್ರ ಎಲ್ಲಿಗೆ ಬಂತು

ಬಸ್ಸಿನ ಚಿತ್ರಕ್ಕೆ ತಳಬಣ್ಣ ಬಿದ್ದಿದೆ. ನಾಲ್ಕಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸ್. ಹಿಂದಿನ ಸಲ ಇದರ ಬಗ್ಗೆ ಬರೆದಾಗ ಬರೀ ಇದ್ದಿಲಿನ ಗೆರೆಗಳಿದ್ದವು. ಈಗ ಬರ್ನ್ಟ್ ಅಂಬರ್ ಅನ್ನೋ ಕಡುಕಂದಿನಲ್ಲಿ ನೆರಳು ಕೂತಿದೆ. ಕಿಟಕಿಯ ಬೆಳಕಿಗೆ ಯೆಲ್ಲೋ ಓಕರ್ ತೆಳ್ಳಗೆ ಹಚ್ಚಿದ್ದೇನೆ. ಬಾಗಲಕೋಟೆಯ ಬಿಸಿಲಿಗೆ ಅಕ್ರಿಲಿಕ್ ಬಣ್ಣ, ಅದನ್ನು ಕಲಸುವ ಪ್ಯಾಲೆಟ್ ಮೇಲೆಯೇ ಒಣಗಿಬಿಡುತ್ತದೆ. ಹಾಗಾಗಿ ತಳಕ್ಕೆ ಮಾತ್ರ ಅಕ್ರಿಲಿಕ್, ಮೇಲಿನದೆಲ್ಲ ಆಯಿಲ್.

ಹೊಸದಾಗಿ ಓದುವವರಿಗೆ ಒಂದು ಮಾತು. ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಾಟವೇ ನನ್ನ ಈ ಚಿತ್ರಸರಣಿಯ ವಿಷಯ. ಬಸ್ಸು, ಬಸ್ ಸ್ಟ್ಯಾಂಡು, ಕಾಲೇಜಿನ ದಾರಿ, ನವನಗರದ ಸೆಕ್ಟರ್ ರಸ್ತೆ. ನಮ್ಮೂರಿನ ಹುಡುಗಿಯರು ದಿನಾ ಓಡಾಡುವ ಜಾಗಗಳು.

ಇದನ್ನು ಬಿಡಿಸಲು ಕೂತರೆ ಎಲ್ಲಕ್ಕಿಂತ ಮೊದಲು ಒಂದು ತೀರ್ಮಾನ ಆಗಬೇಕು. ಚಿತ್ರ ನೋಡುವವರು ಎಲ್ಲಿ ನಿಂತಿರುತ್ತಾರೆ? ಹುಡುಗಿ ನಡುವೆ, ಸುತ್ತ ನಾಲ್ಕು ಗಂಡಸರು ದಿಟ್ಟಿಸುತ್ತಿದ್ದಾರೆ ಅಂತ ಬಿಡಿಸಿದೆ ಅಂದುಕೊಳ್ಳಿ. ಚಿತ್ರದ ಮುಂದೆ ಬಂದು ನಿಂತವರು ಐದನೆಯವರಾಗುತ್ತಾರೆ. ಅವರೂ ಅವಳನ್ನೇ ನೋಡುತ್ತಾರೆ, ಅಲ್ವಾ?

ಈ ಪ್ರಶ್ನೆ ಹಳೆಯದು. ಬೈಬಲ್ ಕಥೆಯ ಸುಸನ್ನಾ ತೋಟದಲ್ಲಿ ಸ್ನಾನ ಮಾಡುವಾಗ ಊರಿನ ಇಬ್ಬರು ಹಿರಿಯರು ಕದ್ದು ನೋಡುತ್ತಾರೆ. ನಮ್ಮ ಮಾತು ಕೇಳದಿದ್ದರೆ ನಿನ್ನ ನಡತೆಗೆ ಕೆಟ್ಟ ಹೆಸರು ತರುತ್ತೇವೆ ಅಂತ ಹೆದರಿಸುತ್ತಾರೆ. ವೆನಿಸ್‌ನ ತಿಂತೊರೆತ್ತೊ 1555ರ ಸುಮಾರಿಗೆ ಬಿಡಿಸಿದ ಚಿತ್ರದಲ್ಲಿ ಅವಳು ಕನ್ನಡಿ ನೋಡುತ್ತಾ ನಿರಾಳವಾಗಿ ಕೂತಿದ್ದಾಳೆ. ಮೈಯೆಲ್ಲ ಬೆಳಕು. ಮುದುಕರು ಬೇಲಿಯ ಮರೆಯಿಂದ ಇಣುಕುತ್ತಿದ್ದಾರೆ, ನಾವು ಬೇಲಿಯ ಈಚೆಯಿಂದ. ಇಬ್ಬರದೂ ಒಂದೇ ಕೆಲಸ. 1610ರಲ್ಲಿ ರೋಮ್‌ನ ಆರ್ತೆಮಿಸಿಯಾ ಜೆಂತಿಲೆಸ್ಕಿ ಅದೇ ಕಥೆ ಬಿಡಿಸಿದಳು. ಆಗ ಅವಳಿಗೆ ಹದಿನೇಳರ ಆಸುಪಾಸು. ಅವಳ ಚಿತ್ರದಲ್ಲಿ ತೋಟವೂ ಇಲ್ಲ, ಕನ್ನಡಿಯೂ ಇಲ್ಲ. ಬರೀ ಕಲ್ಲಿನ ಕಟ್ಟೆ. ಗಂಡಸರಿಬ್ಬರೂ ಮೇಲಿಂದ ಅವಳ ಮೇಲೆ ಬಾಗಿದ್ದಾರೆ, ಒಬ್ಬ ತುಟಿಗೆ ಬೆರಳಿಟ್ಟಿದ್ದಾನೆ. ಸುಸನ್ನಾ ಮುಖ ತಿರುಗಿಸಿ, ಮೈ ತಿರುಚಿ, ಕೈಯೆತ್ತಿ ತಡೆಯುತ್ತಿದ್ದಾಳೆ. ಅದನ್ನು ನೋಡಿದರೆ ನಮ್ಮ ಕತ್ತೂ ಬಿಗಿಯುತ್ತದೆ. ಮರುವರ್ಷ ಆರ್ತೆಮಿಸಿಯಾ ಮೇಲೆಯೇ ಅತ್ಯಾಚಾರ ಆಯಿತು. 1612ರ ವಿಚಾರಣೆಯಲ್ಲಿ ಅವಳು ಹೇಳೋದು ನಿಜವಾ ಅಂತ ನೋಡೋಕೆ ಬೆರಳುಗಳಿಗೆ ಹಗ್ಗ ಸುತ್ತಿ ಬಿಗಿದರು. ಚಿತ್ರ ಬಿಡಿಸುವವಳ ಬೆರಳುಗಳಿಗೆ! ಇದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸರಣಿಯ ಮೊದಲ ಚಿತ್ರ ಸೆಕ್ಟರ್ ರಸ್ತೆಯದು. ಅದನ್ನು ಬಿಡಿಸುವಾಗಲೇ ನನ್ನ ದಾರಿ ಸಿಕ್ಕಿತು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋಗುತ್ತವೆ ಅಂತ ಕಟ್ಟಿದ್ದು ನವನಗರ. ರಸ್ತೆಗಳು ಅಗಲ, ಖಾಲಿ ಜಾಗ ಜಾಸ್ತಿ. ಹಳೇ ಊರಿನ ಓಣಿಯಲ್ಲಾದರೆ ಕಟ್ಟೆ ಮೇಲೆ ಕೂತ ಯಾರದ್ದಾದರೂ ಕಣ್ಣು ಇರುತ್ತದೆ. ಇಲ್ಲಿ ಕೆಲವು ರಸ್ತೆಗಳಲ್ಲಿ ಕತ್ತಲಾದ ಮೇಲೆ ನಾಯಿ ಬಿಟ್ಟರೆ ಯಾರೂ ಇಲ್ಲ. ಟ್ಯೂಷನ್ ಮುಗಿಸಿ ಬರುವ ಹುಡುಗಿಯ ಹಿಂದೆ ಬೈಕೊಂದು ನಿಧಾನಕ್ಕೆ ಬರುತ್ತದೆ. ಮುಂದೆ ಹೋಗುವುದಿಲ್ಲ, ಹಿಂದೆ ಉಳಿಯುವುದೂ ಇಲ್ಲ. ಅವಳ ಬೆನ್ನು ಬಿಡಿಸಿದರೆ ನೋಡುವವರನ್ನು ಬೈಕ್ ಮೇಲೆ ಕೂರಿಸಿದಂತೆ. ಹಾಗಾಗಿ ಅವಳ ಕಣ್ಣಿಗೆ ಕಾಣುವುದನ್ನಷ್ಟೇ ಬಿಡಿಸಬೇಕು ಅಂತ ತೀರ್ಮಾನ ಮಾಡಿದೆ.

ಒಂದು ಸಂಜೆ ತಮ್ಮನಿಗೆ ಬೈಕ್ ಓಡಿಸಲು ಹೇಳಿ ನಾನು ಮುಂದೆ ನಡೆದೆ. ಹೆಡ್‌ಲೈಟ್ ಹೆಚ್ಚೂ ಕಮ್ಮಿ ಸೊಂಟದ ಎತ್ತರದಲ್ಲಿರುತ್ತದೆ. ಅದಕ್ಕೇ ಟಾರಿನ ಮೇಲೆ ಬರೀ ಕಾಲಿನ ನೆರಳು ಬೀಳುತ್ತದೆ, ಉದ್ದಕ್ಕೆ, ಕತ್ತರಿಯ ಹಾಗೆ. ತಲೆಯ ನೆರಳು ರಸ್ತೆಯಲ್ಲಿ ಇರುವುದೇ ಇಲ್ಲ. ಅದು ದೂರದ ಕಾಂಪೌಂಡ್ ಗೋಡೆಯ ಮೇಲಿರುತ್ತದೆ. ಬೈಕ್ ಹತ್ತಿರ ಬಂದಷ್ಟೂ ಗೋಡೆಯ ನೆರಳು ದೊಡ್ಡದಾಗುತ್ತದೆ. ಬೈಕ್ ಬಲಕ್ಕೆ ಸರಿದರೆ ನೆರಳು ಎಡಕ್ಕೆ ಓಡುತ್ತದೆ. ತಿರುಗಿ ನೋಡದೆಯೇ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಹಿಂದಿರುವವನು ನನ್ನ ತಮ್ಮನೇ ಅಂತ ಗೊತ್ತಿದ್ದೂ ನನ್ನ ನಡಿಗೆ ಜೋರಾಗಿತ್ತು. ಆ ಚಿತ್ರದಲ್ಲಿ ರಸ್ತೆ, ಕಾಲಿನ ನೆರಳು, ಗೋಡೆ ಮೇಲಿನ ತಲೆ, ಇಷ್ಟೇ ಇವೆ.

ಈಗ ಬಸ್ಸು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಬಸ್ಸುಗಳಲ್ಲಿ ಹೆಂಗಸರು ಜಾಸ್ತಿ. ಬಾದಾಮಿ, ಇಳಕಲ್ ಅಂತ ವಯಸ್ಸಾದವರೂ ಒಬ್ಬೊಬ್ಬರೇ ಹೊರಡುತ್ತಾರೆ. ಗದ್ದಲ ಕೆಟ್ಟ ಕೈಗೆ ಮರೆಯಾಗುತ್ತದೆ, ನಿಜ. ಆದರೆ ಅದೇ ಗದ್ದಲದಲ್ಲಿ ಈ ಅಜ್ಜಿಯರೂ ಇರುತ್ತಾರೆ.

ಗುಳೇದಗುಡ್ಡದ ಬಸ್ಸಿನಲ್ಲಿ ಕಂಡದ್ದು ಇದು. ಹುಡುಗಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಹಿಂದೆ ಒಬ್ಬ. ಬ್ರೇಕ್ ಬಿದ್ದಾಗಲೆಲ್ಲ ಅವಳ ಮೇಲೆ ವಾಲುತ್ತಿದ್ದ. ಅವಳು ಒಂಚೂರು ಸರಿದರೆ ಅವನೂ ಒಂಚೂರು ಸರಿಯುತ್ತಿದ್ದ. ಅವಳ ಬಾಯಿಂದ ಮಾತು ಬರಲಿಲ್ಲ. ಸೀಟಿನಲ್ಲಿದ್ದ ಅಜ್ಜಿ ಪಕ್ಕದ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು, ಹುಡುಗಿಯ ಮಣಿಕಟ್ಟು ಹಿಡಿದು ಎಳೆದಳು. "ಬಾ ಯವ್ವಾ, ಇಲ್ಲಿ ಕುಂದ್ರ ಬಾ." ಕಿಟಕಿ ಕಡೆ ಅವಳನ್ನು ಕೂರಿಸಿ, ತಾನು ಈಚೆ ಕೂತು, ಮೊಣಕೈಯನ್ನು ಹೊರಗೆ ಚಾಚಿ ಇಟ್ಟಳು. ಆಮೇಲೆ ಅವನಿಗೆ, "ಏನಪಾ, ಮುಂದ ಜಾಗಾ ಐತೆಲ್ಲ, ಸರಕೊಂಡ ನಿಂದ್ರು" ಅಂದಳು. ದನಿ ಏರಿಸಲಿಲ್ಲ. ಅವನು ಹೋದ.

ಚಿತ್ರದಲ್ಲಿ ನೋಡುವವರು ಆ ಕಿಟಕಿ ಸೀಟಿನಲ್ಲಿ ಕೂತಿರುತ್ತಾರೆ. ಕ್ಯಾನ್ವಾಸಿನ ದೊಡ್ಡ ಭಾಗ ಅಜ್ಜಿಯ ಹೆಗಲು ಮತ್ತು ಮೊಣಕೈ. ಅದರಾಚೆ ಗಂಡಸಿನ ಬೆಲ್ಟು, ಕಂಬಿ ಹಿಡಿದ ಒಂದು ಕೈ. ಅವನಿಗೆ ಮುಖ ಕೊಟ್ಟಿಲ್ಲ. ಕೊಟ್ಟರೆ ನೋಡುವ ಗಂಡಸರು "ಇವನು ಯಾರೋ ಕೆಟ್ಟವನು" ಅಂತ ಸುಮ್ನೆ ಮುಂದೆ ಹೋಗುತ್ತಾರೆ. ಕೆಳಗಿನ ಅಂಚಿನಲ್ಲಿ ಹುಡುಗಿಯ ತೊಡೆ ಮೇಲಿನ ಬ್ಯಾಗು, ಅದನ್ನು ಅಪ್ಪಿದ ಕೈಗಳು, ಬೆರಳ ಸಂದಿಯಲ್ಲಿ ತೆರೆದ ಪಿನ್ನು.

ನನ್ನ ಕೆಲಸದ ಹೊತ್ತೆಲ್ಲ ಈಗ ಮೊಣಕೈಗೆ ಹೋಗುತ್ತಿದೆ. ಅಜ್ಜಿಯ ಕುಪ್ಪಸ ಗುಳೇದಗುಡ್ಡದ ಖಣ. ತೋಳಿನ ಅಂಚು ಚರ್ಮಕ್ಕೆ ಬಿಗಿದು ಸಣ್ಣ ಮಡಿಕೆ ಎದ್ದಿದೆ. ಕೆಳಗೆ ಸುಕ್ಕು, ಅದರ ಕೆಳಗೆ ಮಾಸಿದ ಹಚ್ಚೆ. ಹಚ್ಚೆಯ ಹಸಿರನ್ನು ಮೇಲೆ ಬರೆದರೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ. ಅದಕ್ಕೇ ಮೊದಲು ಹಸಿರು ಬರೆದು ಒಣಗಲು ಬಿಟ್ಟು, ಮೇಲೆ ಚರ್ಮದ ಬಣ್ಣವನ್ನು ಲಿನ್‌ಸೀಡ್ ಎಣ್ಣೆಯಲ್ಲಿ ತೆಳುಮಾಡಿ ಹಚ್ಚಿದೆ. ಈಗ ಚರ್ಮದ ಒಳಗಿದೆ ಅನಿಸುತ್ತದೆ. ಇಳಕಲ್ ಸೀರೆಯ ಸೆರಗು ತಲೆ ಮೇಲಿದೆ. ತೋಪತೆನಿ ಅನ್ನೋ ಆ ಸೆರಗಿನ ವಿನ್ಯಾಸದ ಕೆಂಪಿಗೆ ಅಲಿಜರಿನ್ ಕ್ರಿಮ್ಸನ್ ಒಂದೇ ಸಾಲದು. ಕೆಳಗೆ ಬರ್ನ್ಟ್ ಸಿಯೆನ್ನಾದ ಕೆಂಗಂದು ಇದ್ದರೇ ಆ ಕೆಂಪಿಗೆ ತೂಕ ಬರೋದು.

ಹುಡುಗಿಯ ಮುಖ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಕಲಾವಿದೆ ತಾತ್ಯಾನಾ ಫಜ್ಲಲಿಜಾದೆ 2012ರಲ್ಲಿ ಬ್ರೂಕ್ಲಿನ್‌ನಲ್ಲಿ ಒಂದು ಕೆಲಸ ಶುರುಮಾಡಿದಳು. ಹೆಂಗಸರ ಮುಖ ಬರೆದು, ಕೆಳಗೆ ಕಾಟ ಕೊಡುವವರಿಗೆ ಒಂದು ಮಾತು ಬರೆದು ಬೀದಿ ಗೋಡೆಗಳಿಗೆ ಅಂಟಿಸಿದಳು. ಆ ಮುಖಗಳು ನೇರ ನಮ್ಮನ್ನೇ ನೋಡುತ್ತವೆ. ನನಗೆ ತುಂಬಾ ಇಷ್ಟವಾದ ಕೆಲಸ. ಆದರೆ ನಮ್ಮಲ್ಲಿ ಮುಖ ಗೊತ್ತಾದರೆ ಶಿಕ್ಷೆ ಹುಡುಗಿಗೇ. "ಮನ್ಯಾಗ ಗೊತ್ತಾದ್ರ ಕಾಲೇಜ್ ಬಿಡಸ್ತಾರ ಅಕ್ಕಾರ" ಅಂತ ನನ್ನ ಹತ್ತಿರ ಮಾತಾಡಿದ ಬಹಳಷ್ಟು ಹುಡುಗಿಯರು ಹೇಳಿದ್ದಾರೆ. ಬೆಂಗಳೂರಿನಲ್ಲಿ 2003ರಲ್ಲಿ ಜಾಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಅನ್ನೋ ಗುಂಪಿನವರು, ಕಾಟ ಆದ ದಿನ ತೊಟ್ಟಿದ್ದ ಬಟ್ಟೆ ಕೊಡಿ ಅಂತ ಹೆಂಗಸರನ್ನು ಕೇಳಿದರು. ವಸ್ತುವೂ ಸಾಕ್ಷಿ ಹೇಳುತ್ತದೆ ಅಂತ ನನಗೆ ಅಲ್ಲಿಂದ ಹೊಳೆದದ್ದು. ಈಗ ಹುಡುಗಿಯರನ್ನು ನಾನು ಒಂದೇ ಕೇಳುತ್ತೇನೆ: ಕೈಯಲ್ಲಿ ಏನು ಹಿಡಿದಿರುತ್ತೀ? ಪಿನ್ನು, ಛತ್ರಿ, ಕಂಪಾಸ್ ಪೆಟ್ಟಿಗೆಯ ಕೈವಾರ, ಮನೆ ಕೀಲಿ. ಎಲ್ಲ ಸ್ಕೆಚ್ ಪುಸ್ತಕದಲ್ಲಿವೆ.

ಪ್ರದರ್ಶನಕ್ಕೆ ಇಟ್ಟಾಗ ಪಕ್ಕದಲ್ಲಿ ಕಾನೂನಿನ ಸಣ್ಣ ಫಲಕವೂ ಇರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ ಕಲಂ, ಬೇಡವೆಂದರೂ ಬೆನ್ನು ಹತ್ತುವುದಕ್ಕೆ 78, ಅವಮಾನಿಸುವ ಮಾತು ಮತ್ತು ಸನ್ನೆಗೆ 79. ಬೆನ್ನು ಹತ್ತಿದ್ದು ಸಾಬೀತಾದರೆ ಮೊದಲ ಸಲ ಮೂರು ವರ್ಷದವರೆಗೆ ಜೈಲು. ತುರ್ತಿಗೆ 112. ಇಷ್ಟನ್ನೇ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ಮೂರನೆಯದು ಹೋಳಿ. ನಮ್ಮೂರಿನ ಹೋಳಿ ಎಲ್ಲರಿಗೂ ಗೊತ್ತು, ಹಲಗೆ ಸದ್ದು, ಬಂಡಿಯ ಮೇಲೆ ಬ್ಯಾರೆಲ್ ತುಂಬಾ ಬಣ್ಣ. ಆ ಹಬ್ಬ ಅಂದರೆ ನನಗೆ ಪ್ರಾಣ. ಅದಕ್ಕೇ, ಬಣ್ಣದ ನೆಪದಲ್ಲಿ ಮೈಮೇಲೆ ಕೈ ಹಾಕುವವರ ಚಿತ್ರವನ್ನು ನಾನು ಬಿಡಿಸಲೇಬೇಕು. ಬಿಳಿ ಕುರ್ತಾ ಒಂದನ್ನು ಹಗ್ಗದ ಮೇಲೆ ಒಣಹಾಕಿ, ತೊಳೆದರೂ ಹೋಗದ ಐದು ಬೆರಳಿನ ಗುರುತು ಬರೆಯುವ ಯೋಚನೆ ಇದೆ.

ಬಸ್ಸಿನ ಹುಡುಗಿ ಮೊನ್ನೆ ಮನೆಗೆ ಬಂದು ಚಿತ್ರ ನೋಡಿದಳು. ಆ ದಿನ ಬಸ್ಸಿಳಿದ ಮೇಲೆ ನಾವು ಮಾತಾಡಿದ್ದೆವು, ಅವಳ ಒಪ್ಪಿಗೆ ತೆಗೆದುಕೊಂಡೇ ಶುರುಮಾಡಿದ್ದು. ಅಜ್ಜಿಯ ಮೊಣಕೈ ಮುಂದೆ ತುಂಬಾ ಹೊತ್ತು ನಿಂತಳು. "ಹಿಂಗ ಇತ್ರಿ" ಅಂದಳು. ಆಮೇಲೆ ಬ್ಯಾಗು ತೋರಿಸಿ, "ಈ ಬಣ್ಣಾ ಬದಲಿ ಮಾಡ್ರಿ ಅಕ್ಕಾರ, ನಮ್ಮಣ್ಣ ಗುರ್ತು ಹಿಡೀತಾನ" ಅಂದಳು. ಕೇಸರಿ ಬಣ್ಣದ ಬ್ಯಾಗು, ಚಿತ್ರದ ಕೆಳಭಾಗವನ್ನೆಲ್ಲ ಅದೇ ಹಿಡಿದಿತ್ತು. ಕೆರೆದು ತೆಗೆದಿದ್ದೇನೆ. ಒಣಗಿದ ಮೇಲೆ ಕಡುನೀಲಿ ಹಚ್ಚುತ್ತೇನೆ, ಜಿಪ್ಪಿಗೆ ಕಟ್ಟಿದ್ದ ದಾರದ ಗೊಂಡೆಯನ್ನೂ ಬರೆಯುವುದಿಲ್ಲ.